ಬರ್ಫ ಕರಗುವಾಗ ಎಷ್ಟು ಉಷ್ಣ ಬೇಕು? ಲೆಕ್ಕ ಮಾಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ವಿಜಯಪುರದಲ್ಲಿ ಸಂಜೆ ಹೊತ್ತು ಟ್ಯೂಷನ್ ನಡೆಸುತ್ತೇನೆ. ಹೈಸ್ಕೂಲಿನವರೂ ಬರುತ್ತಾರೆ, ಪಿಯುಸಿಯವರೂ ಬರುತ್ತಾರೆ. ಉಷ್ಣದ ಪಾಠ ಶುರುವಾದ ವಾರ ಏಳುವ ಪ್ರಶ್ನೆಗಳು ಪ್ರತಿ ವರ್ಷ ಅವೇ. ಹೇಳಿ ಹೇಳಿ ನನಗೇ ಬಾಯಿಪಾಠ ಆಗಿದೆ, ಅದಕ್ಕೇ ಬರೆದಿಟ್ಟಿದ್ದೇನೆ. ಕೆಲವು ಮಕ್ಕಳು ಕೇಳಿದ್ದು, ಕೆಲವು ಅವರ ಅಪ್ಪ-ಅವ್ವ ಕೇಳಿದ್ದು. ನಮ್ಮ ಕಡೆ ಐಸಿಗೆ ಬರ್ಫ ಅನ್ನುತ್ತೇವೆ, ಪುಸ್ತಕದಲ್ಲಿ ಮಂಜುಗಡ್ಡೆ ಅಂತಿರುತ್ತದೆ. ಇಲ್ಲಿ ಬರ್ಫವೇ ಇರಲಿ.

ಉಷ್ಣ, ಶಾಖ, ತಾಪ, ಉಷ್ಣತೆ: ಎಲ್ಲ ಒಂದೇ ಅಲ್ವಾ?

ಮನೆಮಾತಿನಲ್ಲಿ ಒಂದೇ. ಲೆಕ್ಕದಲ್ಲಿ ಅಲ್ಲ. ಎಷ್ಟು ಬಿಸಿಯಾಗಿದೆ ಅನ್ನುವುದು ತಾಪ. ಎಷ್ಟು ಶಕ್ತಿ ಒಳಗೆ ಹೋಯಿತು ಅನ್ನುವುದು ಉಷ್ಣ, ಅದನ್ನೇ ಶಾಖ ಅಂತಲೂ ಬರೆಯುತ್ತಾರೆ. ಒಂದು ಚಮಚ ಕುದಿಯುವ ಚಹಾದ ತಾಪ ಜಾಸ್ತಿ. ಒಂದು ಬಕೆಟ್ ಉಗುರುಬೆಚ್ಚಗಿನ ನೀರಿನ ತಾಪ ಕಡಿಮೆ, ಆದರೆ ಅದನ್ನು ಅಷ್ಟು ಬೆಚ್ಚಗೆ ಮಾಡಲು ತಗುಲಿದ ಉಷ್ಣ ಚಮಚದ ಚಹಾಕ್ಕಿಂತ ಎಷ್ಟೋ ಪಟ್ಟು ಜಾಸ್ತಿ.

ತೊಂದರೆ ಕೊಡುವ ಪದ ಉಷ್ಣತೆ. ಕೆಲವರು ಅದನ್ನು ತಾಪಕ್ಕೆ ಬಳಸುತ್ತಾರೆ, ಕೆಲವರು ಶಾಖಕ್ಕೆ. ಗೊಂದಲವಾದರೆ ಪಕ್ಕದಲ್ಲಿ ಬರೆದ ಮಾನ ನೋಡಿ. ಡಿಗ್ರಿ ಅಂತಿದ್ದರೆ ತಾಪ, ಜೂಲ್ ಅಂತಿದ್ದರೆ ಉಷ್ಣ. ಇನ್ನು ಅಜ್ಜಿ ಹೇಳುವ "ಮಾವಿನಹಣ್ಣು ಉಷ್ಣ, ಮಜ್ಜಿಗೆ ತಂಪು" ಇದೆಯಲ್ಲ, ಅದು ಬೇರೆಯೇ ಲೋಕ. ಅದಕ್ಕೆ ಥರ್ಮಾಮೀಟರ್ ಹಿಡಿಯಬೇಡಿ.

ಬರ್ಫಕ್ಕೆ ಬೆಂಕಿ ಕೊಟ್ಟರೂ ಥರ್ಮಾಮೀಟರ್ ಯಾಕೆ ಏರುವುದಿಲ್ಲ?

ಇದನ್ನು ಒಮ್ಮೆ ಕಣ್ಣಾರೆ ನೋಡಬೇಕು. ಪ್ರತಿ ವರ್ಷ ಮಾಡಿ ತೋರಿಸುತ್ತೇನೆ. ಸ್ಟೀಲ್ ಗ್ಲಾಸಿನಲ್ಲಿ ಪುಡಿ ಮಾಡಿದ ಬರ್ಫ, ಅದರೊಳಗೆ ಥರ್ಮಾಮೀಟರ್, ಕೆಳಗೆ ಸಣ್ಣ ಉರಿ. ಒಬ್ಬ ಹುಡುಗ ಕಡ್ಡಿಯಿಂದ ಕಲಕುತ್ತಿರಬೇಕು, ಇನ್ನೊಬ್ಬ ಅರ್ಧ ನಿಮಿಷಕ್ಕೊಮ್ಮೆ ಅಂಕಿ ಬರೆಯಬೇಕು. ಸೊನ್ನೆ. ಮತ್ತೆ ಸೊನ್ನೆ. ಮತ್ತೂ ಸೊನ್ನೆ. ಬರೆಯುವವನಿಗೆ ಬೇಸರ ಬರುತ್ತದೆ. ಹೋದ ಸಲ ಒಬ್ಬ ಪೆನ್ನು ಕೆಳಗಿಟ್ಟು, "ಏರವಲ್ದರಿ ಸರ್, ಥರ್ಮಾಮೀಟರ್ ಕೆಟ್ಟೈತಿ" ಅಂದ. ಉರಿ ಉರಿಯುತ್ತಲೇ ಇದೆ, ಗ್ಲಾಸಿನ ಹೊರಮೈ ಬೆವರುತ್ತಿದೆ, ಒಳಗೆ ಅರ್ಧ ನೀರು ಅರ್ಧ ಬರ್ಫ. ಕೊನೆಯ ಚೂರು ಕಡ್ಡಿಗೆ ತಾಗದೆ ಮಾಯವಾಯಿತು ನೋಡಿ, ಆಮೇಲೆ 2, 5, 9 ಅಂತ ಏರತೊಡಗಿತು. ಅವನೇ ಮೊದಲು ಕೂಗಿದ.

ಬರ್ಫದಲ್ಲಿ ನೀರಿನ ಕಣಗಳು ಒಂದನ್ನೊಂದು ಹಿಡಿದು ಕಟ್ಟಾಗಿ ನಿಂತಿರುತ್ತವೆ. ಆ ಹಿಡಿತ ಬಿಡಿಸಲು ಶಕ್ತಿ ಬೇಕು. ಕರಗುವಷ್ಟು ಹೊತ್ತು ಕೊಟ್ಟ ಉಷ್ಣವೆಲ್ಲ ಆ ಕೆಲಸಕ್ಕೇ ಖರ್ಚು. ಕಣಗಳ ಓಟ ಹೆಚ್ಚಲು ಏನೂ ಉಳಿಯುವುದಿಲ್ಲ, ಹಾಗಾಗಿ ತಾಪ ಏರುವುದಿಲ್ಲ. ಥರ್ಮಾಮೀಟರಿಗೆ ಕಾಣದೆ ಅಡಗಿ ಹೋಗುವ ಉಷ್ಣ ಅಂತಲೇ ಇದಕ್ಕೆ ಗುಪ್ತೋಷ್ಣ ಎಂಬ ಹೆಸರು.

ಬೆಳಗಾವಿಗೆ ಹೋಗುವ ಬಸ್ಸು ಜಮಖಂಡಿ ಸ್ಟ್ಯಾಂಡಿನಲ್ಲಿ ನಿಂತಿದೆ, ಇಂಜಿನ್ ಮಾತ್ರ ಓಡುತ್ತಿದೆ. ಕಿಲೋಮೀಟರ್ ಏರುತ್ತಿಲ್ಲ, ಡೀಸೆಲ್ ಸುಡುತ್ತಿದೆ. ಹೆಚ್ಚು ಕಡಿಮೆ ಹಾಗೇ. ಒಂದೇ ವ್ಯತ್ಯಾಸ: ನಿಂತ ಬಸ್ಸು ಕಡಿಮೆ ಡೀಸೆಲ್ ಕುಡಿಯುತ್ತದೆ, ಕರಗುವ ಬರ್ಫ ಮಾತ್ರ ಇಡೀ ಪ್ರಯಾಣಕ್ಕಿಂತ ಜಾಸ್ತಿ ಕುಡಿಯುತ್ತದೆ.

ಸೂತ್ರ ಎಷ್ಟು ನೆನಪಿಡಬೇಕು?

ಎರಡೇ.

ತಾಪ ಬದಲಾಗುವಾಗ: ಉಷ್ಣ = ರಾಶಿ (ವಸ್ತು ಎಷ್ಟು ಗ್ರಾಂ ಇದೆ ಅನ್ನುವುದು) × ವಿಶಿಷ್ಟೋಷ್ಣ × ತಾಪದ ವ್ಯತ್ಯಾಸ. ಮಕ್ಕಳು ಎಂ ಸಿ ಡೆಲ್ಟಾ ಟಿ ಅಂತ ಹಾಡಿಕೊಳ್ಳುವುದು ಇದನ್ನೇ.

ಕರಗುವಾಗ: ಉಷ್ಣ = ರಾಶಿ × ಗುಪ್ತೋಷ್ಣ. ಅಂದರೆ ಎಂ ಎಲ್. ಇದರಲ್ಲಿ ತಾಪವೇ ಇಲ್ಲ, ಗಮನಿಸಿ. ಇರಲೂಬಾರದು.

ಒಂದು ಗ್ರಾಂ ವಸ್ತುವನ್ನು ಒಂದು ಡಿಗ್ರಿ ಏರಿಸಲು ಬೇಕಾದ ಉಷ್ಣವೇ ವಿಶಿಷ್ಟೋಷ್ಣ. ನೀರಿಗೆ 4.18 ಜೂಲ್, ಬರ್ಫಕ್ಕೆ ಸುಮಾರು 2.1. ಹೌದು, ಬರ್ಫಕ್ಕೂ ನೀರಿಗೂ ಬೇರೆ ಬೇರೆ. ಅದೇ ವಸ್ತು ತಾನೇ ಅಂತ ಎರಡಕ್ಕೂ 4.18 ಹಾಕುವವರು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ. ಬರ್ಫದ ಗುಪ್ತೋಷ್ಣ ಗ್ರಾಂಗೆ 334 ಜೂಲ್.

ಯಾವ ಸೂತ್ರ ಎಲ್ಲಿ ಹಾಕಬೇಕು ಅನ್ನುವುದೇ ತಿಳಿಯುವುದಿಲ್ಲ. ಏನು ಮಾಡಲಿ?

ಸೂತ್ರ ಮುಟ್ಟುವ ಮುಂಚೆ ಗೆರೆ ಎಳೆಯಿರಿ. ನನ್ನ ಹತ್ತಿರ ಕಲಿತವರಿಗೆ ಇದೊಂದೇ ಕಟ್ಟುನಿಟ್ಟು. ಅಡ್ಡಕ್ಕೆ ಕೊಟ್ಟ ಉಷ್ಣ, ಉದ್ದಕ್ಕೆ ತಾಪ. ಶುರುವಿನ ತಾಪದಿಂದ ಕೊನೆಯ ತಾಪದವರೆಗೆ ಹೋಗಿ. ದಾರಿಯಲ್ಲಿ ಕರಗುವ ಬಿಂದು ಸಿಕ್ಕರೆ ಅಲ್ಲಿ ಗೆರೆ ಅಡ್ಡ ಮಲಗಬೇಕು. ಗೆರೆ ಏರುವ ಕಡೆ ಮೊದಲ ಸೂತ್ರ, ಮಲಗಿದ ಕಡೆ ಎರಡನೆಯದು. ಎಷ್ಟು ತುಂಡು ಗೆರೆ ಬಂತೋ ಅಷ್ಟು ಸಾಲು ಲೆಕ್ಕ. ಕೊನೆಗೆ ಕೂಡಿಸಿ.

ಪೂರ್ತಿ ಮಾಡಿ ನೋಡೋಣ. ಫ್ರೀಜರಿನಿಂದ ತೆಗೆದ 200 ಗ್ರಾಂ ಬರ್ಫ, ತಾಪ ಸೊನ್ನೆಗಿಂತ 10 ಡಿಗ್ರಿ ಕೆಳಗೆ. ಅದು 30 ಡಿಗ್ರಿಯ ನೀರಾಗಬೇಕು.

ಮೊದಲ ತುಂಡು, −10ರಿಂದ 0ಗೆ ಬರ್ಫ ಬೆಚ್ಚಗಾಗುವುದು: 200 × 2.1 × 10 = 4,200 ಜೂಲ್.
ಎರಡನೆಯದು, 0 ಡಿಗ್ರಿಯಲ್ಲೇ ಕರಗುವುದು: 200 × 334 = 66,800 ಜೂಲ್.
ಮೂರನೆಯದು, ಕರಗಿದ ನೀರು 0ಯಿಂದ 30ಕ್ಕೆ: 200 × 4.18 × 30 = 25,080 ಜೂಲ್.
ಒಟ್ಟು 96,080 ಜೂಲ್, ಅಂದರೆ 96 ಕಿಲೋಜೂಲ್.

ನಡುವಿನ ಸಾಲು ನೋಡಿ. ತಾಪ ಒಂದು ಡಿಗ್ರಿಯೂ ಕದಲದ ಹಂತ, ಆದರೆ ಒಟ್ಟಿನ ಸುಮಾರು ಶೇಕಡಾ 70 ಅದೊಂದರಲ್ಲೇ ಹೋಗಿದೆ. ಗೆರೆ ಎಳೆಯದವರು ಏನು ಮಾಡುತ್ತಾರೆ? −10ರಿಂದ 30, ಒಟ್ಟು 40 ಡಿಗ್ರಿ, 200 × 4.18 × 40 = 33,440 ಅಂತ ಒಂದೇ ಏಟಿಗೆ ಮುಗಿಸುತ್ತಾರೆ. ಸರಿಯುತ್ತರದ ಮೂರನೇ ಒಂದು ಭಾಗ ಅಷ್ಟೇ. ಗುಣಾಕಾರ ತಪ್ಪಿದ್ದರೆ ಅರ್ಧ ಮಾರ್ಕಾದರೂ ಉಳಿಯುತ್ತಿತ್ತು.

ಡಿಗ್ರಿ ಸೆಲ್ಸಿಯಸ್ಸನ್ನು ಕೆಲ್ವಿನ್‌ಗೆ ಬದಲಿಸಬೇಕಾ?

ಬೇಡ. ಇಲ್ಲಿ ಬೇಕಿರುವುದು ವ್ಯತ್ಯಾಸ ಮಾತ್ರ, ಅದು ಎರಡರಲ್ಲೂ ಒಂದೇ. ಬದಲಿಸಿದರೂ ತಪ್ಪಲ್ಲ, ಸುಮ್ನೆ ಕೆಲಸ ಜಾಸ್ತಿ.

ಅಪ್ಪನ ಹಳೆಯ ಪುಸ್ತಕದಲ್ಲಿ ಬರ್ಫದ ಗುಪ್ತೋಷ್ಣ 80 ಅಂತಿದೆ. ನಮ್ಮದರಲ್ಲಿ 334. ಯಾವುದು ಸರಿ?

ಎರಡೂ ಸರಿ. ಅಪ್ಪನದು ಕ್ಯಾಲೋರಿ, ನಿಮ್ಮದು ಜೂಲ್. ಒಂದು ಕ್ಯಾಲೋರಿ ಅಂದರೆ ಸುಮಾರು 4.18 ಜೂಲ್. 80ನ್ನು ಅದರಿಂದ ಗುಣಿಸಿ ನೋಡಿ, 334ರ ಹತ್ತಿರ ಬರುತ್ತದೆ. ಕ್ಯಾಲೋರಿಯಲ್ಲಿ ನೀರಿನ ವಿಶಿಷ್ಟೋಷ್ಣ 1, ಹಾಗಾಗಿ ಆಗಿನವರಿಗೆ ಲೆಕ್ಕ ಬಾಯಲ್ಲೇ ಆಗುತ್ತಿತ್ತು. ನನಗೆ ಈಗಲೂ ಮನಸ್ಸಿನಲ್ಲಿ ಅಂದಾಜು ಹಾಕಲು ಕ್ಯಾಲೋರಿಯೇ ಹಿತ. ಒಂದೇ ಲೆಕ್ಕದಲ್ಲಿ ಎರಡನ್ನೂ ಬೆರೆಸಬೇಡಿ, ಅಷ್ಟೇ. ಗ್ರಾಂ ಮತ್ತು ಕಿಲೋಗ್ರಾಂಗೂ ಇದೇ ಮಾತು: ಗ್ರಾಂಗೆ 334 ಜೂಲ್ ಅಂದರೂ ಕಿಲೋಗೆ 3,34,000 ಜೂಲ್ ಅಂದರೂ ಒಂದೇ.

ಶರಬತ್ತಿಗೆ ತಣ್ಣೀರು ಹಾಕುವುದಕ್ಕಿಂತ ಬರ್ಫ ಹಾಕುವುದೇ ಯಾಕೆ? ಎರಡೂ ಸೊನ್ನೆ ಡಿಗ್ರಿ ಇದ್ದರೆ ಏನು ವ್ಯತ್ಯಾಸ?

ಗಾಂಧಿ ಚೌಕದಲ್ಲಿ ಮೇ ತಿಂಗಳ ಮಧ್ಯಾಹ್ನ ನಿಂತವರು ಇದನ್ನು ಕೇಳಬಾರದು. ಆದರೂ ಲೆಕ್ಕ ಚೆಂದ ಇದೆ, ಮಾಡೋಣ.

ಗ್ಲಾಸಿನಲ್ಲಿ 250 ಗ್ರಾಂ ಲಿಂಬೆ ಶರಬತ್ತು, ತಾಪ 35 ಡಿಗ್ರಿ. ಅದನ್ನು 10 ಡಿಗ್ರಿಗೆ ಇಳಿಸಬೇಕು. ಶರಬತ್ತನ್ನು ನೀರೇ ಅಂದುಕೊಳ್ಳಿ. ಅದರಿಂದ ತೆಗೆಯಬೇಕಾದ ಉಷ್ಣ 250 × 4.18 × 25 = 26,125 ಜೂಲ್.

ಸೊನ್ನೆ ಡಿಗ್ರಿಯ ಒಂದು ಗ್ರಾಂ ನೀರು 10 ಡಿಗ್ರಿಗೆ ಏರುವಾಗ ಹೀರುವುದು 41.8 ಜೂಲ್. ಹಾಗಾಗಿ ಬೇಕಾಗುವ ತಣ್ಣೀರು 26,125 ÷ 41.8 = 625 ಗ್ರಾಂ. ಕಾಲು ಲೀಟರ್ ಶರಬತ್ತಿಗೆ ಅರ್ಧ ಲೀಟರಿಗಿಂತ ಹೆಚ್ಚು ನೀರು! ಕುಡಿಯುವವನು ದುಡ್ಡು ವಾಪಸ್ ಕೇಳುತ್ತಾನೆ.

ಸೊನ್ನೆ ಡಿಗ್ರಿಯ ಒಂದು ಗ್ರಾಂ ಬರ್ಫ ಕರಗಲು 334, ಆಮೇಲೆ ಆ ನೀರು 10ಕ್ಕೆ ಏರಲು 41.8, ಒಟ್ಟು 375.8 ಜೂಲ್ ಹೀರುತ್ತದೆ. ಬೇಕಾದದ್ದು 26,125 ÷ 375.8 = 69.5 ಗ್ರಾಂ. ಒಂಬತ್ತು ಪಟ್ಟು ಕಡಿಮೆ.

ಇಲ್ಲೊಂದು ಉಪಪ್ರಶ್ನೆ ಬಂದೇ ಬರುತ್ತದೆ: ಬರ್ಫ ಇನ್ನೂ ಜಾಸ್ತಿ ತಣ್ಣಗಿದ್ದು −10 ಇದ್ದರೆ? ಗ್ರಾಂಗೆ ಇನ್ನು 21 ಜೂಲ್ ಸೇರುತ್ತದೆ, ಆಗ 65.8 ಗ್ರಾಂ ಸಾಕು. ಉಳಿದದ್ದು ನಾಲ್ಕು ಗ್ರಾಂ ಕೂಡ ಇಲ್ಲ. ಶರಬತ್ತನ್ನು ತಂಪು ಮಾಡುವುದು ಬರ್ಫ ಎಷ್ಟು ತಣ್ಣಗಿದೆ ಅನ್ನುವುದಲ್ಲ, ಅದು ಕರಗುತ್ತದೆ ಅನ್ನುವುದು.

ಉತ್ತರ "−6.6 ಡಿಗ್ರಿ ನೀರು" ಅಂತ ಬಂತು. ಎಲ್ಲಿ ತಪ್ಪಿದೆ?

ಬರ್ಫ ಪೂರ್ತಿ ಕರಗಿತು ಅಂತ ನೀವೇ ತೀರ್ಮಾನಿಸಿದ್ದು ತಪ್ಪು. ಈ ಬಲೆ ಪರೀಕ್ಷೆಯಲ್ಲಿ ಹಾಕುವವರಿಗೆ ಬಹಳ ಇಷ್ಟ. 30 ಡಿಗ್ರಿಯ 200 ಗ್ರಾಂ ನೀರಿಗೆ ಸೊನ್ನೆ ಡಿಗ್ರಿಯ 100 ಗ್ರಾಂ ಬರ್ಫ ಹಾಕಿದರೆ ಕೊನೆಯ ತಾಪ ಎಷ್ಟು ಅಂತ ಕೇಳುತ್ತಾರೆ.

ಮೊದಲು ಜೇಬಿನಲ್ಲಿ ಎಷ್ಟಿದೆ ನೋಡಿ. ನೀರು 30ರಿಂದ ಸೊನ್ನೆಗೆ ಇಳಿದರೆ ಕೊಡಬಲ್ಲದ್ದು 200 × 4.18 × 30 = 25,080 ಜೂಲ್. ಬರ್ಫವೆಲ್ಲ ಕರಗಲು ಬೇಕಾದದ್ದು 100 × 334 = 33,400. ಸಾಲದು. ಹಾಗಾಗಿ ಕೊನೆಯ ತಾಪ ಸೊನ್ನೆ, ಮುಂದೆ ಲೆಕ್ಕವೇ ಬೇಡ. ಕರಗಿದ್ದು 25,080 ÷ 334, ಅಂದರೆ ಸುಮಾರು 75 ಗ್ರಾಂ. 25 ಗ್ರಾಂ ಬರ್ಫ ತೇಲುತ್ತಾ ಉಳಿಯುತ್ತದೆ.

ಬರ್ಫ ಇರುವ ಲೆಕ್ಕ ಯಾವುದೇ ಇರಲಿ, ಈ ಜೇಬು ನೋಡುವ ಸಾಲನ್ನು ಬಿಡಬೇಡಿ.

ನಮ್ಮ ಓಣಿಯ ಪತ್ತಾರರು ಬೆಳ್ಳಿ ಕರಗಿಸುತ್ತಾರೆ. ಅದಕ್ಕೆ ಎಷ್ಟು ಉಷ್ಣ ಬೇಕು?

ಇದು ನನಗೆ ಬಹಳ ಮೆಚ್ಚಿನ ಲೆಕ್ಕ. ಉತ್ತರ ಬಂದಾಗ ಮೊದಲ ಸಲ ನಾನೇ ನಂಬಿರಲಿಲ್ಲ.

ಹತ್ತು ತೊಲೆ ಬೆಳ್ಳಿ ಅನ್ನೋಣ. ಹಳೆಯ ತೊಲೆ 11.66 ಗ್ರಾಂ, ಈಗ ಅಂಗಡಿ ಮಾತಿನಲ್ಲಿ ತೊಲೆ ಅಂದರೆ 10 ಗ್ರಾಂ. ಹಾಗಾದರೆ 100 ಗ್ರಾಂ. ಶುದ್ಧ ಬೆಳ್ಳಿ ಕರಗುವುದು 962 ಡಿಗ್ರಿಗೆ. ವಿಶಿಷ್ಟೋಷ್ಣ ಗ್ರಾಂಗೆ 0.235 ಜೂಲ್, ಗುಪ್ತೋಷ್ಣ 105 ಜೂಲ್. ಶುರು 30 ಡಿಗ್ರಿ.

ಬಿಸಿಯಾಗಲು: 100 × 0.235 × 932 = 21,902 ಜೂಲ್.
ಕರಗಲು: 100 × 105 = 10,500 ಜೂಲ್.
ಒಟ್ಟು ಸುಮಾರು 32,400 ಜೂಲ್.

ಈಗ 100 ಗ್ರಾಂ ನೀರನ್ನು, ಅಂದರೆ ಒಂದು ಕಪ್ ಚಹಾದಷ್ಟು, 30ರಿಂದ 100 ಡಿಗ್ರಿಗೆ ತನ್ನಿ. 100 × 4.18 × 70 = 29,260 ಜೂಲ್. ಹತ್ತು ತೊಲೆ ಬೆಳ್ಳಿ ಕರಗಿಸುವುದಕ್ಕೂ ಒಂದು ಕಪ್ ಚಹಾದ ನೀರು ಕುದಿಗೆ ತರುವುದಕ್ಕೂ ಹೆಚ್ಚು ಕಡಿಮೆ ಅಷ್ಟೇ ಉಷ್ಣ! ಬಂಗಾರಕ್ಕೆ ಇನ್ನೂ ಕಡಿಮೆ. 1064 ಡಿಗ್ರಿಯವರೆಗೆ ಏರಬೇಕಾದರೂ 100 ಗ್ರಾಂಗೆ ಬೇಕಾದದ್ದು 20 ಕಿಲೋಜೂಲಿನ ಆಸುಪಾಸು ಅಷ್ಟೇ.

ಹಾಗಾದರೆ ಚಹಾದ ಒಲೆಯ ಮೇಲೆ ಬೆಳ್ಳಿ ಯಾಕೆ ಕರಗುವುದಿಲ್ಲ? ಉಷ್ಣ ಎಷ್ಟು ಬೇಕು ಅನ್ನುವುದು ಒಂದು ಮಾತು, ಎಷ್ಟು ತಾಪದಲ್ಲಿ ಬೇಕು ಅನ್ನುವುದು ಬೇರೆ ಮಾತು. 962 ಮುಟ್ಟಬೇಕಾದರೆ ಸುತ್ತ ಅದಕ್ಕಿಂತ ಬಿಸಿ ಇರಬೇಕು. ಆ ತಾಪದಲ್ಲಿ ಮೂಸೆ, ಅಂದರೆ ಬೆಳ್ಳಿ ಕರಗಿಸುವ ಪುಟ್ಟ ಪಾತ್ರೆ, ಕೆಂಪಾಗಿ ಹೊಳೆಯುತ್ತಾ ತನ್ನ ಉಷ್ಣವನ್ನು ನಾಲ್ಕೂ ದಿಕ್ಕಿಗೆ ಚೆಲ್ಲುತ್ತಿರುತ್ತದೆ. ಪತ್ತಾರ ಕಾಕಾ ಬೆಂಕಿಯನ್ನು ಮೂಸೆಯ ಮೇಲೇ ಗುರಿಯಿಟ್ಟು ಊದುವುದು ಅದಕ್ಕೇ. ಅವರ ಉರಿಯಲ್ಲಿ ಬಹುಪಾಲು ಬೆಳ್ಳಿಗೆ ಹೋಗುವುದೇ ಇಲ್ಲ.

ಅವರ ಅಂಗಡಿಯ ಮುಂದೆ ಕೂತು ನೋಡಿದ್ದೇನೆ. ಹಳೆಯ ಕಾಲುಗೆಜ್ಜೆ ಮೂಸೆಗೆ ಬಿತ್ತು, ಮೇಲೆ ಚಿಟಿಕೆ ಬಿಳಿಗಾರ. ಮೊದಲು ಕೆಂಪಾಯಿತು, ಆದರೆ ಆಕಾರ ಹಾಗೇ ಇತ್ತು. ಆಮೇಲೆ ಅಂಚು ಕುಸಿಯಿತು, ಗೆಜ್ಜೆಯ ಮಣಿಗಳು ಒಂದರೊಳಗೊಂದು ಇಳಿದವು. ಕಾಕಾ ಇನ್ನೂ ಊದುತ್ತಲೇ ಇದ್ದರು. ಎಲ್ಲ ಸೇರಿ ಕನ್ನಡಿಯಂತೆ ಹೊಳೆದು ಮೈ ನಡುಗಿಸಿದಾಗಷ್ಟೇ ಇಕ್ಕಳ ಹಿಡಿದರು. ಕುಸಿಯಲು ಶುರುವಾದಲ್ಲಿಂದ ಕನ್ನಡಿ ಆಗುವವರೆಗಿನ ಆ ಹೊತ್ತು ಇದೆಯಲ್ಲ, ನಮ್ಮ ಗ್ರಾಫಿನಲ್ಲಿ ಮಲಗಿದ ಗೆರೆ ಅದೇ. ಗೆಜ್ಜೆಯ ಬೆಳ್ಳಿಗೆ ತಾಮ್ರ ಬೆರೆತಿದ್ದರೆ ಗೆರೆ ಪೂರ್ತಿ ಮಲಗುವುದಿಲ್ಲ, ಸ್ವಲ್ಪ ಓರೆಯಾಗಿರುತ್ತದೆ. ಬೆರಕೆ ಲೋಹ ಒಂದೇ ಬಿಂದುವಿನಲ್ಲಿ ಕರಗುವುದಿಲ್ಲ, 962ಕ್ಕಿಂತ ಕೆಳಗೇ ಶುರುಮಾಡಿ ಏರುತ್ತಾ ಏರುತ್ತಾ ಕರಗುತ್ತದೆ.

ನಾನು ಬೆಳಗಾವಿಯ ಉದ್ಯಮಬಾಗ್‌ನಲ್ಲಿ ಫೌಂಡ್ರಿ ಕೆಲಸದಲ್ಲಿದ್ದೇನೆ. ಮಗಳ ಪುಸ್ತಕದ ಲೆಕ್ಕ ನಮ್ಮ ಕುಲುಮೆಗೆ ತಾಳೆ ಆಗುವುದಿಲ್ಲ. ಯಾಕೆ?

ನಿಮ್ಮ ಅನುಮಾನ ಸರಿ ಇದೆ, ಅಣ್ಣಾ. ಪುಸ್ತಕದಲ್ಲಿ ಕಬ್ಬಿಣದ ವಿಶಿಷ್ಟೋಷ್ಣ ಗ್ರಾಂಗೆ 0.45 ಜೂಲ್ ಅಂತ ಕೊಟ್ಟಿರುತ್ತಾರೆ. ಅದು ಕೋಣೆಯ ತಾಪದಲ್ಲಿ ಅಳೆದ ಬೆಲೆ. ಅದನ್ನೇ 1538 ಡಿಗ್ರಿಯವರೆಗೆ ಎಳೆದರೆ, ಒಂದು ಕಿಲೋ ಶುದ್ಧ ಕಬ್ಬಿಣಕ್ಕೆ 0.45 × 1508 = 679 ಕಿಲೋಜೂಲ್, ಕರಗಲು 247, ಒಟ್ಟು 926 ಕಿಲೋಜೂಲ್ ಬರುತ್ತದೆ. ನಿಜವಾಗಿ ಬೇಕಾದದ್ದು ಸುಮಾರು 1,300. ಕಬ್ಬಿಣ ಕಾದಂತೆ ಅದರ ವಿಶಿಷ್ಟೋಷ್ಣವೂ ಏರುತ್ತದೆ. 770 ಡಿಗ್ರಿಯ ಹತ್ತಿರ, ಅದು ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುವ ಹೊತ್ತಿಗೆ, ಜೋರಾಗಿ ಏರುತ್ತದೆ. 912ರಲ್ಲಿ ಗಟ್ಟಿ ಇರುವಾಗಲೇ ಒಳಗಿನ ಜೋಡಣೆ ಬದಲಾಗುತ್ತದೆ, ಅದಕ್ಕೂ ಸ್ವಲ್ಪ ಉಷ್ಣ ಬೇಕು.

ಅಲ್ಯೂಮಿನಿಯಂಗೆ ಇದೇ ಸರಳ ಲೆಕ್ಕ ಹಾಕಿ. 660 ಡಿಗ್ರಿವರೆಗೆ 0.9 × 630 = 567, ಕರಗಲು 397, ಒಟ್ಟು 964 ಕಿಲೋಜೂಲ್. ಕಬ್ಬಿಣಕ್ಕಿಂತ ಅಲ್ಯೂಮಿನಿಯಮ್ಮಿಗೇ ಜಾಸ್ತಿ ಬೇಕು ಅಂತ ಕಾಣುತ್ತದೆ! ಅದು ಸುಳ್ಳು, ಬೆಲೆಗಳನ್ನು ಕಣ್ಣುಮುಚ್ಚಿ ಹಾಕಿದ್ದರ ಫಲ. ಆದರೆ ಗಮನಿಸಿ, ಕರಗುವ ಹಂತ ಒಂದರಲ್ಲೇ ನೋಡಿದರೆ ಅಲ್ಯೂಮಿನಿಯಂ ನಿಜಕ್ಕೂ ಜಾಸ್ತಿ ಕೇಳುತ್ತದೆ.

ನೀವು ಎರೆಯುವುದು ಬೀಡು ಕಬ್ಬಿಣವಾದರೆ ಇಂಗಾಲ ಬೆರೆತ ಕಾರಣ 1150-1200 ಡಿಗ್ರಿಯ ಸುಮಾರಿಗೇ ಕರಗುತ್ತದೆ, ಎರೆಯುವ ಮುಂಚೆ ಇನ್ನೂ ಮೇಲಕ್ಕೆ ಕಾಯಿಸುತ್ತೀರಿ. 1,300 ಕಿಲೋಜೂಲ್ ಅಂದರೆ ಟನ್ನಿಗೆ ಸುಮಾರು 360 ಯೂನಿಟ್ ಕರೆಂಟ್. ಕುಲುಮೆಯ ಗೋಡೆ, ತೆರೆದ ಬಾಯಿ, ತಂಪು ಮಾಡುವ ನೀರು ಕದಿಯುವುದು ಇದರ ಮೇಲೆ. ಮಗಳಿಗೆ ಹೇಳಿ, ಪರೀಕ್ಷೆಯಲ್ಲಿ ಕೊಟ್ಟ ಬೆಲೆಯನ್ನೇ ಹಾಕಲಿ. ಕುಲುಮೆಯ ಮಾತು ಆಮೇಲೆ.

ಪ್ರಾಕ್ಟಿಕಲ್‌ನಲ್ಲಿ 334 ಬರುವುದೇ ಇಲ್ಲ. ಏನು ಮಾಡಬೇಕು?

ನನಗೂ ಬಂದಿರಲಿಲ್ಲ. ಪಿಯುಸಿಯಲ್ಲಿ 284 ಬಂದಿತ್ತು. ಪಕ್ಕದವನದು ನೋಡಿ 330 ಅಂತ ಬರೆದೆ. ಸಿಕ್ಕಿಬಿದ್ದೆ, ಯಾಕಂದರೆ ಮೇಲಿನ ಅಂಕಿಗಳನ್ನು ತಿದ್ದಲು ಮರೆತಿದ್ದೆ.

ತಪ್ಪು ಎಲ್ಲಿತ್ತು ಅಂತ ಎಷ್ಟೋ ವರ್ಷದ ಮೇಲೆ ಕೂತು ಹುಡುಕಿದೆ. ಪ್ರಯೋಗ ಹೀಗಿರುತ್ತದೆ: 100 ಗ್ರಾಂ ತಾಮ್ರದ ಪಾತ್ರೆ, ಅದರಲ್ಲಿ 40 ಡಿಗ್ರಿಯ 150 ಗ್ರಾಂ ನೀರು, ಅದಕ್ಕೆ 30 ಗ್ರಾಂ ಬರ್ಫ. ಎಲ್ಲ ಸರಿಯಿದ್ದರೆ ತಾಪ 21ಕ್ಕೆ ಇಳಿಯುತ್ತದೆ. ನೀರು ಕೊಟ್ಟ ಉಷ್ಣ 150 × 4.18 × 19 = 11,913. ಪಾತ್ರೆ ಕೊಟ್ಟದ್ದು 100 × 0.39 × 19 = 741. ಒಟ್ಟು 12,654. ಕರಗಿದ ನೀರು 21ಕ್ಕೆ ಏರಲು ತೆಗೆದುಕೊಂಡದ್ದು 30 × 4.18 × 21 = 2,633. ಉಳಿದ 10,021 ಜೂಲ್ ಕರಗಿಸಲು ಹೋಯಿತು. 30ರಿಂದ ಭಾಗಿಸಿ, 334.

ಪಾತ್ರೆಯನ್ನು ಮರೆತರೆ 309 ಬರುತ್ತದೆ. ನಾನು ಪಾತ್ರೆ ಮರೆತಿರಲಿಲ್ಲ. ಬರ್ಫ ಒರೆಸಿರಲಿಲ್ಲ! ನಮ್ಮೂರ ಬೇಸಿಗೆಯಲ್ಲಿ ಬರ್ಫ ತಟ್ಟೆಯಿಂದ ಪಾತ್ರೆಗೆ ಹೋಗುವಷ್ಟರಲ್ಲೇ ಒದ್ದೆಯಾಗಿರುತ್ತದೆ. 30 ಗ್ರಾಂ ಅಂತ ತೂಗಿದ್ದರಲ್ಲಿ ನಾಲ್ಕೂವರೆ ಗ್ರಾಂ ಆಗಲೇ ನೀರಾಗಿದ್ದರೆ, ಕರಗಬೇಕಾದದ್ದು 25.5 ಗ್ರಾಂ ಮಾತ್ರ. 334ನ್ನು 25.5ರಿಂದ ಗುಣಿಸಿ 30ರಿಂದ ಭಾಗಿಸಿ. 284!

ಹಾಗಾಗಿ ಒತ್ತುಕಾಗದದಿಂದ ಒರೆಸಿ ಹಾಕಿ, ಬೆರಳು ತಾಗಿಸಬೇಡಿ. ಇನ್ನೊಂದು ಉಪಾಯ: ಕೋಣೆಯ ತಾಪಕ್ಕಿಂತ ಎಷ್ಟು ಮೇಲಿಂದ ಶುರು ಮಾಡುತ್ತೀರೋ ಸುಮಾರು ಅಷ್ಟೇ ಕೆಳಗೆ ಮುಗಿಸಿ. ಮೊದಲರ್ಧದಲ್ಲಿ ಗಾಳಿಗೆ ಕೊಟ್ಟದ್ದು ಉಳಿದರ್ಧದಲ್ಲಿ ವಾಪಸ್ ಬರುತ್ತದೆ.

ತುಪ್ಪ, ಬೆಲ್ಲಕ್ಕೂ ಈ ಲೆಕ್ಕ ಹಾಕಬಹುದಾ?

ತುಪ್ಪಕ್ಕೆ ಗೆರೆ ಸರಿಯಾಗಿ ಮಲಗುವುದಿಲ್ಲ. ಅದರಲ್ಲಿ ಹಲವು ಬಗೆಯ ಕೊಬ್ಬು ಇರುತ್ತದೆ, ಒಂದೊಂದು ಒಂದೊಂದು ತಾಪದಲ್ಲಿ ಕರಗುತ್ತದೆ. ಅದಕ್ಕೇ ಚಳಿಗಾಲದಲ್ಲಿ ಡಬ್ಬಿಯ ತುಪ್ಪ ಅರ್ಧ ಹರಳು, ಅರ್ಧ ತಿಳಿ.

ಬೆಲ್ಲ ಕಾಯಿಸಿದರೆ ಕರಗುತ್ತಾ ಕರಗುತ್ತಾ ಬಣ್ಣ ತಿರುಗಿ ಸೀಯುತ್ತದೆ, ಅದು ಬೇರೆ ಕಥೆ. ಆದರೆ ಬೆಲ್ಲ ಮಾಡುವಾಗ ನಮ್ಮ ಲೆಕ್ಕ ಪೂರ್ತಿ ನಡೆಯುತ್ತದೆ. ಮುಧೋಳ, ಮಹಾಲಿಂಗಪುರದ ಕಡೆ ಕೊಪ್ಪರಿಗೆ ಇಟ್ಟಲ್ಲಿ ಹೋಗಿ ನಿಲ್ಲಿ. ಕಬ್ಬಿನ ಹಾಲು ಬೇಗ ಕುದಿಗೆ ಬರುತ್ತದೆ, ಆಮೇಲೆ ತಾಸುಗಟ್ಟಲೆ 100ರ ಆಸುಪಾಸಿನಲ್ಲೇ ಇರುತ್ತದೆ. ನೀರು ಹೋಗಿ ಪಾಕ ಗಟ್ಟಿಯಾದಾಗ ಮಾತ್ರ 118ರ ಹತ್ತಿರಕ್ಕೆ ಏರುತ್ತದೆ. 100 ಕಿಲೋ ಹಾಲಿನಿಂದ 85 ಕಿಲೋ ನೀರು ಆವಿಯಾಯಿತು ಅಂದುಕೊಳ್ಳಿ. ಆವಿಯ ಗುಪ್ತೋಷ್ಣ ಗ್ರಾಂಗೆ 2,260 ಜೂಲ್. 85 × 2,260 = 1,92,100 ಕಿಲೋಜೂಲ್. ಹಾಲನ್ನು 30ರಿಂದ ಕುದಿಗೆ ತರಲು ಬೇಕಾದದ್ದು ಬರೀ 28,000ದ ಸುಮಾರು. ಒಲೆಗೆ ತುಂಬಿದ ಕಬ್ಬಿನ ಸಿಪ್ಪೆಯಲ್ಲಿ ಹೆಚ್ಚಿನದು ಸುಡುವುದು ಬಿಸಿ ಮಾಡಲಿಕ್ಕಲ್ಲ, ನೀರು ಓಡಿಸಲಿಕ್ಕೆ.

ಕುಲ್ಫಿಯವರು ಬರ್ಫಕ್ಕೆ ಉಪ್ಪು ಯಾಕೆ ಹಾಕುತ್ತಾರೆ?

ಉಪ್ಪು ಬಿದ್ದರೆ ಬರ್ಫ ಸೊನ್ನೆಗಿಂತ ಕೆಳಗೂ ಕರಗುತ್ತದೆ. ಕರಗಲು ಉಷ್ಣ ಬೇಕಲ್ಲ, ಅದನ್ನು ತನ್ನಿಂದಲೇ ಮತ್ತು ಪಕ್ಕದ ಹಾಲಿನಿಂದ ಕಿತ್ತುಕೊಳ್ಳುತ್ತದೆ. ಸರಿಯಾದ ಪ್ರಮಾಣದಲ್ಲಿ ಬೆರೆಸಿದರೆ −21 ಡಿಗ್ರಿವರೆಗೂ ಇಳಿಯುತ್ತದೆ. ಇದಕ್ಕೆ ಮೇಲಿನ ಸರಳ ಸೂತ್ರ ಹಾಕಲು ಹೋಗಬೇಡಿ.

ನೀರು ಬರ್ಫ ಆಗುವಾಗ ಲೆಕ್ಕ ಬೇರೆಯಾ?

ಅಂಕಿ ಅವೇ, ಚಿಹ್ನೆ ಮಾತ್ರ ತಿರುಗುತ್ತದೆ. ಕರಗುವಾಗ ಗ್ರಾಂಗೆ 334 ಒಳಗೆ, ಹೆಪ್ಪುಗಟ್ಟುವಾಗ 334 ಹೊರಗೆ. ಫ್ರಿಜ್ಜಿನ ಹಿಂದೆ ಕೈ ಇಟ್ಟರೆ ಬಿಸಿ ತಾಗುತ್ತದಲ್ಲ, ಅದರಲ್ಲಿ ಇದರ ಪಾಲೂ ಇದೆ.

ಗುಪ್ತೋಷ್ಣ ಕಂಡುಹಿಡಿದವರು ಯಾರು?

ಜೋಸೆಫ್ ಬ್ಲ್ಯಾಕ್, ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ, 1760ರ ದಶಕದ ಶುರುವಿನಲ್ಲಿ. ಅವರು ಯೋಚಿಸಿದ ರೀತಿ ನನಗೆ ಇಷ್ಟ. ಸೊನ್ನೆ ದಾಟಿದ ಕೂಡಲೇ ಹಿಮ ನೀರಾಗುವುದಾದರೆ, ಚಳಿಗಾಲ ಮುಗಿದ ದಿನ ಬೆಟ್ಟದ ಹಿಮವೆಲ್ಲ ಒಮ್ಮೆಲೇ ಕರಗಿ ಊರು ಕೊಚ್ಚಿ ಹೋಗಬೇಕಿತ್ತು. ಹೋಗುವುದಿಲ್ಲ, ವಾರಗಟ್ಟಲೆ ಹಿಡಿಯುತ್ತದೆ. ಹಾಗಾದರೆ ಕರಗಲು ಬಹಳ ಉಷ್ಣ ಬೇಕು ಅಂತಾಯಿತು. ಪಾಠದಲ್ಲಿ ಹೇಳಿದರೇ ಹೊರತು ಅವರು ಇದನ್ನು ಪುಸ್ತಕ ಮಾಡಲಿಲ್ಲ. ಅವರ ಉಪನ್ಯಾಸಗಳು ಅಚ್ಚಾದದ್ದು ಅವರು ತೀರಿಕೊಂಡ ಮೇಲೆ, 1803ರಲ್ಲಿ.

ಕರೆಂಟ್ ಹೀಟರ್ ಎಷ್ಟು ಹೊತ್ತು ಬೇಕು ಅಂತ ಲೆಕ್ಕ ಹಾಕಬಹುದಾ?

ಹಾಕಬಹುದು. ವ್ಯಾಟ್ ಅಂದರೆ ಸೆಕೆಂಡಿಗೆ ಒಂದು ಜೂಲ್. ಉಷ್ಣವನ್ನು ವ್ಯಾಟಿನಿಂದ ಭಾಗಿಸಿದರೆ ಸೆಕೆಂಡು ಬರುತ್ತದೆ. ಸ್ನಾನಕ್ಕೆ 15 ಲೀಟರ್ ನೀರು 25ರಿಂದ 45 ಡಿಗ್ರಿಗೆ: 15,000 × 4.18 × 20 = 12,54,000 ಜೂಲ್. 1500 ವ್ಯಾಟ್ ಕಾಯಿಲ್ ಆದರೆ 836 ಸೆಕೆಂಡು, ಸುಮಾರು 14 ನಿಮಿಷ. ಒಂದು ಯೂನಿಟ್ ಅಂದರೆ 36 ಲಕ್ಷ ಜೂಲ್, ಹಾಗಾಗಿ ಹೆಸ್ಕಾಂ ಬಿಲ್ಲಿಗೆ ಸೇರುವುದು 0.35 ಯೂನಿಟ್. ನಿಮ್ಮ ಮನೆಯಲ್ಲಿ 20 ನಿಮಿಷ ಹಿಡಿಯುತ್ತಿದ್ದರೆ ವೋಲ್ಟೇಜ್ ಕಡಿಮೆ ಇರಬಹುದು.

ಅಭ್ಯಾಸಕ್ಕೆ ಒಂದು ಲೆಕ್ಕ ಕೊಡಿ.

ಪತ್ತಾರ ಕಾಕಾ 50 ಗ್ರಾಂ ಶುದ್ಧ ಬೆಳ್ಳಿ ಕರಗಿಸಿ ಅಚ್ಚಿಗೆ ಎರೆದರು. ಎರೆಯುವಾಗ ತಾಪ 962, ಪೂರ್ತಿ ದ್ರವ. ಅದರ ಉಷ್ಣವೆಲ್ಲ ಕೊನೆಗೆ 30 ಡಿಗ್ರಿಯ 500 ಗ್ರಾಂ ನೀರಿಗೇ ಸೇರಿತು ಅಂದುಕೊಳ್ಳಿ. ನೀರಿನ ತಾಪ ಎಷ್ಟಕ್ಕೆ ಬರುತ್ತದೆ? ಆವಿಯಾಗಿ ಹೋದದ್ದನ್ನು ಬಿಟ್ಟುಬಿಡಿ. ಮೊದಲು ಗೆರೆ ಎಳೆಯಿರಿ. ಈ ಸಲ ಅದು ಇಳಿಯುವ ಗೆರೆ, ಶುರುವಿನಲ್ಲೇ ಮಲಗಿರುತ್ತದೆ.

ಲೆಕ್ಕ ಮಾಡುವ ಮುಂಚೆ ಊಹಿಸಿ ಅಂದರೆ ಮಕ್ಕಳು 80, 90, ಕುದಿಯುತ್ತದೆ ಅಂತೆಲ್ಲ ಕೂಗುತ್ತಾರೆ. ಉತ್ತರ 37.7 ಡಿಗ್ರಿ.